ಚೆಂಡೆಯ ಪೆಟ್ಟಿಗೆ ತಕ್ಕ ಶಟರ್: ಹಳೆಯ ಕ್ಯಾಮೆರಾದಲ್ಲಿ ಯಕ್ಷಗಾನ

ರಾತ್ರಿಯ ಬಯಲಾಟದ ಫೋಟೋ ತೆಗೆಯಬೇಕೆಂದರೆ ಒಳ್ಳೆಯ ಕ್ಯಾಮೆರಾ ಬೇಕೇ ಬೇಕು ಎಂದು ಕರಾವಳಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ, ಮತ್ತು ಆ ಮಾತಿಗೆ ಕಾರಣವೂ ಇದೆ. ಅಲ್ಲಿ ಬೆಳಕು ಕಡಿಮೆ. ಇರುವ ಬೆಳಕೂ ರಂಗಸ್ಥಳದ ಕಂಬಗಳ ನಡುವೆ ಎಲ್ಲ ಕಡೆ ಸಮನಾಗಿ ಬೀಳುವುದಿಲ್ಲ. ವೇಷಧಾರಿಯ ಬೆನ್ನ ಹಿಂದೆ ಕತ್ತಲೆ, ಎದೆಯ ಮೇಲೆ ಬೇಗಡೆಯ ಹೊಳಪು. ಪದ ಏರುಗತಿಗೆ ಬಂದಾಗಲಂತೂ ಆತ ನಿಂತ ಜಾಗದಲ್ಲಿ ನಿಲ್ಲುವುದಿಲ್ಲ. ಇಷ್ಟೆಲ್ಲ ಇರುವಾಗಲೂ ಒಂದಿಡೀ ತಿರುಗಾಟದ ಅವಧಿಯನ್ನು, ಅಂದರೆ ನವೆಂಬರ್‌ನಲ್ಲಿ ಮೇಳಗಳು ಗೆಜ್ಜೆ ಕಟ್ಟಿದಾಗಿನಿಂದ ಮೇ ಕೊನೆಯ ವಾರದ ಪತ್ತನಾಜೆಯವರೆಗೆ, ನನ್ನ ಬಳಿ ಇದ್ದ ದಶಕ ದಾಟಿದ ಆರಂಭಿಕ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿಯೇ ಕಳೆದೆ. ಆ ಅವಧಿಯಲ್ಲಿ ನನ್ನ ಚಿತ್ರಗಳು ಬದಲಾದವು, ಕ್ಯಾಮೆರಾ ಬದಲಾಗಲಿಲ್ಲ. ಬದಲಾದದ್ದು ಏನು, ಹೇಗೆ ಎಂಬುದನ್ನು ಬರೆದಿಡುವುದು ಈ ಲೇಖನದ ಉದ್ದೇಶ.

ನಾನು ತುಮಕೂರು ಕಡೆಯವನು, ಬ್ಯಾಂಕಿನ ವರ್ಗಾವಣೆಯಿಂದ ದಕ್ಷಿಣ ಕನ್ನಡಕ್ಕೆ ಬಂದವನು. ನಮ್ಮ ಸೀಮೆಯಲ್ಲಿ ಯಕ್ಷಗಾನದ ಬಯಲುಸೀಮೆಯ ಪ್ರಕಾರವಾದ ಮೂಡಲಪಾಯ ಇದೆ, ಆದರೆ ನಾನು ಬೆಳೆಯುವ ಹೊತ್ತಿಗೆ ಅದು ನಮ್ಮೂರ ಜಾತ್ರೆಯಿಂದ ಹೆಚ್ಚುಕಡಿಮೆ ಮರೆಯಾಗಿತ್ತು. ಹಾಗಾಗಿ ತೆಂಕುತಿಟ್ಟಿನ, ಅಂದರೆ ಕರಾವಳಿಯ ದಕ್ಷಿಣ ಭಾಗದ ಶೈಲಿಯ ಆಟ ನನಗೆ ಪೂರ್ತಿ ಹೊಸದು. ಕ್ಯಾಮೆರಾದ ಜೊತೆಗೆ ಬಂದಿದ್ದ 18–55 ಮಿ.ಮೀ. ಝೂಮ್ ಲೆನ್ಸ್ ಮತ್ತು ಬೇರೆಯಾಗಿ ಕೊಂಡಿದ್ದ 50 ಮಿ.ಮೀ.ನ ಅಗ್ಗದ ಲೆನ್ಸ್ ಇವೆರಡೇ ನನ್ನ ಸಾಮಗ್ರಿ. ಮೊದಲನೆಯದನ್ನು ಪೂರ್ತಿ ಚಾಚಿದಾಗ ಬೆಳಕು ಒಳಬರುವ ಅದರ ಕಂಡಿ ಎಫ್ 5.6ಕ್ಕಿಂತ ಹಿರಿದಾಗುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ಹಿರಿದು), ಎರಡನೆಯದು ಎಫ್ 1.8ರವರೆಗೆ ತೆರೆದುಕೊಳ್ಳುತ್ತದೆ, ಅಂದರೆ ಒಳಬರುವ ಬೆಳಕು ಸುಮಾರು ಹತ್ತು ಪಟ್ಟು ಹೆಚ್ಚು. ಉಪಕರಣ ಮುಖ್ಯವೇ ಅಲ್ಲ ಎಂದು ಸಾಧಿಸಲು ಹೊರಟವರು ಈ ಹತ್ತು ಪಟ್ಟನ್ನು ಮರೆಮಾಚಬಾರದು. ಆದರೆ ಆ ಲೆನ್ಸ್ ಸಲಕರಣೆಗಳಲ್ಲೆಲ್ಲ ಅಗ್ಗದ್ದು, ಹಳೆಯ ಮಾಲು ಸಿಗುವ ಅಂಗಡಿಗಳಲ್ಲಿ ಧೂಳು ಹಿಡಿದು ಕೂತಿರುವಂಥದ್ದು ಎಂಬುದನ್ನೂ ಹೇಳಬೇಕು.

ಹೋಲಿಕೆಗೆ ನನ್ನ ಜೊತೆಯಲ್ಲೇ ಒಬ್ಬರಿದ್ದರು. ಬಹರೈನ್‌ನಲ್ಲಿ ಕೆಲಸ ಮಾಡಿ ಊರಿಗೆ ಮರಳಿದ್ದ ಆ ಗೆಳೆಯರ ಬಳಿ ಪೂರ್ಣಚೌಕಟ್ಟಿನ (ದೊಡ್ಡ ಸಂವೇದಕದ) ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಮತ್ತು ಎಫ್ 2.8ರ 70–200 ಲೆನ್ಸ್ ಇತ್ತು. ಅದು ಕಣ್ಣನ್ನು ತಾನೇ ಗುರುತಿಸಿ ಫೋಕಸ್ ಹಿಡಿಯುತ್ತದೆ, ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. ಅವರ ಅಜ್ಜ ಹವ್ಯಾಸಿ ಅರ್ಥಧಾರಿಗಳಾಗಿದ್ದರು. ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ ತಾಳಮದ್ದಳೆ, ಅಂದರೆ ವೇಷ, ಕುಣಿತಗಳಿಲ್ಲದೆ ಕೂತು ಹಾಡು, ಮಾತುಗಳಲ್ಲೇ ನಡೆಸುವ ಆಟ, ನಡೆಯುತ್ತಿತ್ತಂತೆ. ಈ ಎರಡನೆಯ ಸಂಗತಿಯ ತೂಕ ನನಗೆ ತಿಳಿದದ್ದು ಬಹಳ ತಡವಾಗಿ.

ಮೊದಲ ತಿಂಗಳುಗಳು ಬೆಳಕಿನ ಪಾಠದಲ್ಲಿ ಕಳೆದವು. ಸ್ವಯಂಚಾಲಿತ ವಿಧಾನದಲ್ಲಿ ಕ್ಯಾಮೆರಾದ ಮೀಟರ್ ಇಡೀ ಚೌಕಟ್ಟನ್ನು ಸರಾಸರಿ ಬೂದುಬಣ್ಣಕ್ಕೆ ತರಲು ನೋಡುತ್ತದೆ. ಬಯಲಾಟದಲ್ಲಿ ಚೌಕಟ್ಟಿನ ಮುಕ್ಕಾಲು ಭಾಗ ಕತ್ತಲೆಯಾದ್ದರಿಂದ ಅದು ಆ ಕತ್ತಲೆಯನ್ನು ಬೂದಾಗಿಸಲು ಹೋಗಿ ವೇಷದ ಮುಖವನ್ನು ಬೆಳ್ಳಗೆ ಸುಟ್ಟುಬಿಡುತ್ತದೆ. ಪುಂಡುವೇಷದ (ತರುಣ ವೀರರ ಪಾತ್ರಗಳ) ತಿಳಿಯಾದ ಮುಖವರ್ಣಿಕೆಯಲ್ಲಿ ಇದು ಕೂಡಲೇ ಗೊತ್ತಾಗುತ್ತದೆ. ಕಪ್ಪು, ಕೆಂಪು ಹೆಚ್ಚಿರುವ ಬಣ್ಣದ ವೇಷದಲ್ಲಿ (ರಕ್ಕಸ ಪಾತ್ರಗಳಲ್ಲಿ) ಅಷ್ಟಾಗಿ ಗೊತ್ತಾಗುವುದಿಲ್ಲ, ಅದರ ಹೊಳೆಯುವ ಆಭರಣಗಳಲ್ಲಿ ಮಾತ್ರ ವಿವರ ಕಳೆದುಹೋಗಿರುತ್ತದೆ. ಹಾಗಾಗಿ ಒಂದೇ ದೀಪದ ಕೆಳಗೆ ಒಂದೇ ನಿಮಿಷದ ಅಂತರದಲ್ಲಿ ದೇವೇಂದ್ರ ಒಂದು ಬಗೆಯಾಗಿ, ರಕ್ಕಸ ಇನ್ನೊಂದು ಬಗೆಯಾಗಿ ಬರುತ್ತಿದ್ದರು. ರಂಗಸ್ಥಳದ ದೀಪಗಳು ಆಟ ಮುಗಿಯುವವರೆಗೂ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ ಎಂಬುದನ್ನು ಗಮನಿಸಿದ ಮೇಲೆ ಇದಕ್ಕೆ ಪರಿಹಾರ ತಾನಾಗಿ ಸಿಕ್ಕಿತು. ಬದಲಾಗದ ಬೆಳಕಿಗೆ ಬದಲಾಗುವ ಮೀಟರ್ ಏಕೆ ಬೇಕು? ಪ್ರಸಂಗಕ್ಕೆ ಮೊದಲಿನ ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವಾಗಲೇ ಅವರ ಮುಖವನ್ನು ನೋಡಿ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಬೀಳುವ ಬೆಳಕಿನ ಲೆಕ್ಕವನ್ನು, ಕೈಯಿಂದ ಹೊಂದಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮಿನಲ್ಲಿ ಪರಿಶೀಲಿಸಿ, ಪ್ರಸಂಗ ಮುಗಿಯುವವರೆಗೂ ಅದನ್ನು ಹೆಚ್ಚು ಮುಟ್ಟದೆ ಇರುವುದನ್ನು ರೂಢಿ ಮಾಡಿಕೊಂಡೆ. ಹೆಚ್ಚಿನ ಕಡೆಗಳಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600, ಎಫ್ 2, ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗ ಎಂಬ ಲೆಕ್ಕದ ಆಸುಪಾಸಿನಲ್ಲಿ ಕೆಲಸ ನಡೆಯಿತು.

ಇದರ ಬೆನ್ನಿಗೇ ಇನ್ನೊಂದು ಪಾಠ ಬಂತು. ದೀಪಗಳನ್ನು ಸಾಮಾನ್ಯವಾಗಿ ಮುಂಗಂಬಗಳಿಗೆ ಕಟ್ಟಿರುತ್ತಾರೆ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದರಿಂದ ದೀಪಕ್ಕೆ ನಾಲ್ಕು ಮೀಟರ್ ದೂರದಲ್ಲಿದ್ದ ವೇಷ ಎರಡು ಮೀಟರಿಗೆ ಬಂದರೆ ಅದರ ಮೇಲೆ ಬೀಳುವ ಬೆಳಕು ನಾಲ್ಕು ಪಟ್ಟಾಗುತ್ತದೆ. ಹಿಂಬದಿಯಲ್ಲಿ ಕೂತು ಹಾಡುವ ಭಾಗವತರ ಮುಂದೆ ನಿಂತಾಗ ಸರಿಯಾಗಿದ್ದ ಲೆಕ್ಕ ರಂಗಸ್ಥಳದ ಅಂಚಿಗೆ ಬಂದಾಗ ಎರಡು ಸ್ಟಾಪ್ ತಪ್ಪುತ್ತದೆ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಪ್ರತಿ ಹೆಜ್ಜೆಗೂ ಲೆಕ್ಕ ಬದಲಿಸುವುದು ಆಗದ ಮಾತು. ಅದಕ್ಕಾಗಿ ನಾನು ರಂಗಸ್ಥಳದ ನಡುವಿನ ಒಂದು ಪಟ್ಟಿಯನ್ನು ಮನಸ್ಸಿನಲ್ಲಿ ಗುರುತು ಮಾಡಿಕೊಂಡು, ವೇಷ ಆ ಪಟ್ಟಿಗೆ ಬಂದಾಗ ಮಾತ್ರ ಚಿತ್ರ ತೆಗೆಯಲಾರಂಭಿಸಿದೆ. ಫೋಕಸ್ ಕೂಡ ಅಲ್ಲಿಯೇ ನಿಲ್ಲಿಸಿದ್ದರಿಂದ ಕತ್ತಲೆಯಲ್ಲಿ ತಡಕಾಡುವ ನನ್ನ ಕ್ಯಾಮೆರಾದ ದುರ್ಬಲ ಫೋಕಸ್ ವ್ಯವಸ್ಥೆಯ ಹಂಗು ತಪ್ಪಿತು. ಉಳಿದ ಜಾಗದಲ್ಲಿ ಏನಾದರೂ ಅದ್ಭುತ ನಡೆದರೆ ಅದನ್ನು ಕಣ್ಣು ತುಂಬ ನೋಡುವುದು, ಅಷ್ಟೆ.

ಎಲ್‌ಇಡಿ ದೀಪಗಳ ಕಾಟವನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ದೊಂದಿ ಹೋಗಿ ಗ್ಯಾಸ್‌ಲೈಟ್ ಬಂದು, ಆಮೇಲೆ ಟ್ಯೂಬ್‌ಲೈಟು, ಹ್ಯಾಲೊಜನ್ ದಾಟಿ ಈಗ ಎಲ್ಲೆಲ್ಲೂ ಎಲ್‌ಇಡಿ. ನಮ್ಮ ವಿದ್ಯುತ್ತು 50 ಹರ್ಟ್ಜ್‌ನದಾದ್ದರಿಂದ ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಕಾಣದಿದ್ದರೂ ವೇಗದ ಶಟರಿಗೆ, ಅದರಲ್ಲೂ ಎಲೆಕ್ಟ್ರಾನಿಕ್ ಶಟರಿಗೆ ಅದು ಅಡ್ಡಪಟ್ಟಿಗಳಾಗಿ ಕಾಣುತ್ತದೆ. ಗೆಳೆಯರು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದ ಚಿತ್ರಗಳಲ್ಲಿ ಮಹಾವಿಷ್ಣುವಿನ ಮುಖದ ಮೇಲೆ ಹುಲಿಯಂಥ ಪಟ್ಟೆ ಬಿದ್ದಿದ್ದವು. ಶಟರನ್ನು ನೂರರ ಒಂದು ಭಾಗಕ್ಕೆ ಇಳಿಸಿದರೆ ಒಂದು ಪೂರ್ತಿ ಮಿನುಗು ಚಿತ್ರದಲ್ಲಿ ಸೇರಿಕೊಂಡು ಪಟ್ಟೆ ಮಾಯವಾಗುತ್ತದೆ. ಆದರೆ ಆ ನಿಧಾನದ ಶಟರಿನಲ್ಲಿ ಕುಣಿಯುವವರನ್ನು ಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಕ್ಯಾಮೆರಾದ ಕೈಪಿಡಿಯಲ್ಲಿ ಉತ್ತರವಿಲ್ಲ.

ಅದಕ್ಕೆ ಉತ್ತರ ಸಿಕ್ಕಿದ್ದು ನೆರೆಮನೆಯ ಹಿರಿಯರೊಬ್ಬರಿಂದ. ಅವರು ಹಿಂದೆ ಮೇಳದಲ್ಲಿ ಮದ್ದಳೆ ನುಡಿಸಿದವರು, ಈಗ ಅಡಕೆ ತೋಟ ನೋಡಿಕೊಂಡಿದ್ದಾರೆ. ನನ್ನ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ನೋಡಿ ಅವರು ಬಣ್ಣ, ಬೆಳಕು ಯಾವುದರ ಬಗ್ಗೆಯೂ ಮಾತನಾಡಲಿಲ್ಲ. "ಇದರಲ್ಲಿ ಕಾಲು ತಾಳಕ್ಕೆ ಬಿದ್ದಿಲ್ಲ. ಇದರಲ್ಲಿ ಹೆಜ್ಜೆ ಮುಗಿದು ಹೋಗಿದೆ. ಇದು ಉಸಿರು ತೆಗೆದುಕೊಳ್ಳುವ ಹೊತ್ತು, ಇದನ್ನು ಯಾಕೆ ತೆಗೆದದ್ದು?" ಎಂದು ಕೇಳುತ್ತ ಹೋದರು. ಎಲ್ಲವೂ ಚೊಕ್ಕವಾಗಿ ಫೋಕಸ್ ಆಗಿದ್ದ ಚಿತ್ರಗಳೇ. ಕೊನೆಗೆ, "ಫೋಟೋ ತೆಗೆಯುವುದು ಆಮೇಲೆ ಮಾರಾಯ್ರೆ, ಮೊದಲು ತೊಡೆಯ ಮೇಲೆ ತಾಳ ಹಾಕಿ" ಎಂದರು.

ಅವರ ಜಗಲಿಯಲ್ಲಿ ಕೂತು ತಾಳ ಹಾಕುವುದನ್ನು ಕಲಿಯಲು ಶುರು ಮಾಡಿದೆ. ಏಕತಾಳಕ್ಕೆ ನಾಲ್ಕು ಅಕ್ಷರ, ರೂಪಕಕ್ಕೆ ಆರು, ತ್ರಿವುಡೆಗೆ ಏಳು, ಝಂಪೆಗೆ ಹತ್ತು. ಕೇಳಲು ಸುಲಭ, ಚೆಂಡೆಯ ಅಬ್ಬರದ ನಡುವೆ ಝಂಪೆಯ ಎತ್ತುಗಡೆ ಎಲ್ಲಿದೆ ಎಂದು ಹಿಡಿಯುವುದು ನನ್ನಂಥ ಹೊರಗಿನವನಿಗೆ ವಾರಗಳ ಕೆಲಸ. ಹಳೆಯ ಧ್ವನಿಮುದ್ರಣಗಳನ್ನು ಹಾಕಿ, ಭಾಗವತರು ಪದ್ಯದ ಕೊನೆಯ ಸಾಲನ್ನು ಮತ್ತೆ ಮತ್ತೆ ಎತ್ತಿಕೊಳ್ಳುವುದು ಯಾವುದರ ಸೂಚನೆ, ಚೆಂಡೆಯ ನುಡಿತ ಇದ್ದಕ್ಕಿದ್ದಂತೆ ಒತ್ತಾದರೆ ಮುಂದೆ ಏನು ಬರುತ್ತದೆ, ವಾದ್ಯದ ನುಡಿತಕ್ಕೆ ಕುಣಿಯುವ ಬಿಡ್ತಿಗೆಯಲ್ಲಿ ವೇಷ ಎಲ್ಲಿಂದ ಎಲ್ಲಿಗೆ ಚಲಿಸುತ್ತದೆ ಎಂಬುದನ್ನು ಅವರು ವಿವರಿಸಿದರು. ಮುಕ್ತಾಯದ ಪೆಟ್ಟು ಬಿದ್ದ ಕ್ಷಣ ವೇಷ ಒಂದು ನಿಲುವಿನಲ್ಲಿ ಕಡೆದಿಟ್ಟಂತೆ ನಿಲ್ಲುತ್ತದೆ. ಕೈ, ಕಣ್ಣು, ಕಿರೀಟ ಎಲ್ಲ ಒಂದೇ ಗೆರೆಗೆ ಬಂದಿರುತ್ತವೆ. ಆ ನಿಲುವಿಗೆ ನೂರರ ಒಂದು ಭಾಗ ಧಾರಾಳವಾಗಿ ಸಾಕು. ಎಲ್‌ಇಡಿಯ ಪ್ರಶ್ನೆಗೂ ಅಲ್ಲಿಯೇ ಉತ್ತರ ಸಿಕ್ಕಿತು.

ಧೀಂಗಿಣ ಇನ್ನೂ ಕಠಿಣವಾದದ್ದು, ಮತ್ತು ತೆಂಕುತಿಟ್ಟಿನ ಫೋಟೋ ತೆಗೆಯುವವರೆಲ್ಲ ಬಯಸುವುದೂ ಅದನ್ನೇ. ಸರಸರನೆ ಸುತ್ತುತ್ತ ಹಾರುವ ಪುಂಡುವೇಷ ನೆಲದಿಂದ ಒಂದಡಿ ಮೇಲೆ ಇರುವಾಗ ಹಿಡಿಯಬೇಕು. ಒಂದು ದಿನ ಕುತೂಹಲಕ್ಕೆ ಲೆಕ್ಕ ಹಾಕಿ ನೋಡಿದೆ. ಸುಮಾರು 30 ಸೆಂಟಿಮೀಟರ್ ಎತ್ತರಕ್ಕೆ ನೆಗೆದ ದೇಹ ಅದರ ತುತ್ತತುದಿಯ ಮೂರು ಸೆಂಟಿಮೀಟರಿನೊಳಗೆ ಇರುವುದು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು. ಅಲ್ಲಿ ಏರಿಕೆ ನಿಂತು ಇಳಿತ ಶುರುವಾಗುವುದರಿಂದ ಚಲನೆ ಬಹಳ ಕಡಿಮೆ, ನಿಧಾನದ ಶಟರಿಗೂ ಸಿಗುವಷ್ಟು. ಆದರೆ ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಬೇಕು, ಅದರ ಮೇಲೆ ಕ್ಯಾಮೆರಾದ ಶಟರ್ ತೆರೆಯಲು ಇನ್ನಷ್ಟು. ಅಂದರೆ ವೇಷ ಮೇಲೆ ಹೋದದ್ದನ್ನು ನೋಡಿ ಗುಂಡಿ ಒತ್ತಿದವನಿಗೆ ಅದು ಕೆಳಗಿಳಿದ ಮೇಲಿನ ಚಿತ್ರವೇ ಸಿಗುತ್ತದೆ. ಬೆರಳಿನ ಈ ತಡವನ್ನು ಎಷ್ಟು ದುಡ್ಡು ಕೊಟ್ಟರೂ ತಪ್ಪಿಸಲಾಗದು. ಕಾಲು ನೆಲ ಬಿಡುವ ಮೊದಲೇ ಬೆರಳು ಇಳಿಯತೊಡಗಬೇಕು, ಆ ಹೊತ್ತು ಯಾವುದೆಂದು ಹೇಳುವುದು ಚೆಂಡೆ. ಡಿಎಸ್‌ಎಲ್‌ಆರ್‌ನಲ್ಲಿ ಚಿತ್ರ ದಾಖಲಾಗುವ ಗಳಿಗೆಯಲ್ಲಿ ಒಳಗಿನ ಕನ್ನಡಿ ಮೇಲೇಳುವುದರಿಂದ ವ್ಯೂಫೈಂಡರ್ ಕತ್ತಲಾಗುತ್ತದೆ. ಧೀಂಗಿಣದ ತುದಿಯನ್ನು ವ್ಯೂಫೈಂಡರಿನಲ್ಲಿ ಸ್ಪಷ್ಟವಾಗಿ ಕಂಡೆ ಎಂದಾದರೆ ಅದು ತಪ್ಪಿಹೋಯಿತು ಎಂದೇ ಅರ್ಥ. ಕಾಣದೇ ಇದ್ದಾಗ ಸಂತೋಷಪಡುವುದನ್ನು ನಾನು ಆ ತಿರುಗಾಟದಲ್ಲಿ ಕಲಿತೆ.

ಸೆಕೆಂಡಿಗೆ 20 ಚಿತ್ರ ತೆಗೆದರೆ ಅದರಲ್ಲಿ ಒಂದಾದರೂ ತುದಿಯಲ್ಲಿ ಬೀಳುವುದಿಲ್ಲವೇ ಎಂದು ಕೇಳಬಹುದು. ಖಂಡಿತ ಬೀಳುತ್ತದೆ, ಎರಡು ಮೂರಾದರೂ ಬೀಳುತ್ತವೆ. ಜಿಗಿತದ ಎತ್ತರವೊಂದೇ ಚಿತ್ರದ ಗುಣವಾಗಿದ್ದರೆ ನಾನು ಈ ವಾದವನ್ನು ಇಲ್ಲಿಗೆ ಬಿಟ್ಟುಬಿಡುತ್ತಿದ್ದೆ. ಆದರೆ ಸುತ್ತುವ ವೇಷದ ಮುಖ ಪ್ರತಿ ಸುತ್ತಿನಲ್ಲೂ ಸ್ವಲ್ಪ ಹೊತ್ತು ಮಾತ್ರ ನಮ್ಮತ್ತ ಇರುತ್ತದೆ, ಆ ಹೊತ್ತಿನಲ್ಲಿ ಕೈ ಎದೆಯ ಅಡ್ಡ ಇರಬಹುದು, ಮೈಕಿನ ಸ್ಟ್ಯಾಂಡ್ ಮುಖದ ಮುಂದೆ ಬರಬಹುದು. ಎಲ್ಲಿ ಕೂತರೆ ಮೈಕು ತಪ್ಪುತ್ತದೆ, ಈ ಕಲಾವಿದರು ಕೊನೆಯ ಸುತ್ತನ್ನು ಯಾವ ಮೂಲೆಗೆ ಮುಗಿಸುತ್ತಾರೆ ಎಂಬುದನ್ನು ಮೊದಲೇ ತಿಳಿದು ಜಾಗ ಹಿಡಿಯದಿದ್ದರೆ 20ಕ್ಕೆ 20 ಚಿತ್ರಗಳೂ ಒಂದೇ ಬಗೆಯಲ್ಲಿ ಕೆಟ್ಟಿರುತ್ತವೆ. ಈ ವಿಚಾರದಲ್ಲಿ ನನಗೆ ಟಿ.ಎನ್.ಎ. ಪೆರುಮಾಳ್ ಅವರಂಥ ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರ ಕೆಲಸ ಮತ್ತೆ ಮತ್ತೆ ನೆನಪಾಗುತ್ತದೆ. ಓ.ಸಿ. ಎಡ್ವರ್ಡ್ಸ್ ಅವರಲ್ಲಿ ಪಳಗಿದ ಪೆರುಮಾಳ್ ದುಡಿದದ್ದು ಒಂದು ರೋಲಿಗೆ 36 ಚಿತ್ರ, ತೆಗೆದದ್ದು ಸರಿಯಾಯಿತೋ ಇಲ್ಲವೋ ಎಂದು ರೋಲು ತೊಳೆಯುವವರೆಗೂ ತಿಳಿಯದ ಕಾಲದಲ್ಲಿ. ಹಕ್ಕಿ ಗೂಡಿಗೆ ಯಾವ ಕಡೆಯಿಂದ ಬರುತ್ತದೆ, ಮೊದಲು ಯಾವ ಕೊಂಬೆಯ ಮೇಲೆ ಕೂರುತ್ತದೆ ಎಂದು ತಿಳಿಯದವರಿಗೆ ಆ ಕಾಲದ ಸಲಕರಣೆಯಲ್ಲಿ ಏನೂ ದಕ್ಕುತ್ತಿರಲಿಲ್ಲ.

ಕುಣಿತಕ್ಕಿಂತ ಹೆಚ್ಚು ಲಾಭವಾದದ್ದು ಅರ್ಥಗಾರಿಕೆಯ ಹೊತ್ತಿನಲ್ಲಿ. ಪದ ಮುಗಿದು ಮಾತು ಆರಂಭವಾದ ಕೂಡಲೇ ಹೆಚ್ಚಿನ ಛಾಯಾಗ್ರಾಹಕರು ಕ್ಯಾಮೆರಾ ಕೆಳಗಿಟ್ಟು ಚಹಾಕ್ಕೆ ಹೊರಡುತ್ತಾರೆ. ಆದರೆ ರಥದ (ರಂಗಸ್ಥಳದ ಆಸನದ) ಮೇಲೆ ಕೂತ ಕೌರವ ಎದುರಾಳಿಯ ಮಾತು ಕೇಳುತ್ತಿರುವಾಗ ಅವನ ಮುಖದಲ್ಲಿ ನಡೆಯುವುದು ಧೀಂಗಿಣಕ್ಕಿಂತ ಕಡಿಮೆಯದಲ್ಲ. ಅಲ್ಲಿ ವೇಷ ಹೆಚ್ಚು ಅಲುಗುವುದಿಲ್ಲ, ಅರುವತ್ತರ ಒಂದು ಭಾಗಕ್ಕೂ ಚಿತ್ರ ನಿಲ್ಲುತ್ತದೆ, ಐಎಸ್‌ಒವನ್ನು 400ರವರೆಗೆ ಇಳಿಸಬಹುದು. ಹಳೆಯ ಕ್ಯಾಮೆರಾ ಆ ಮಟ್ಟದಲ್ಲಿ ಕೊಡುವ ಬಣ್ಣವನ್ನು ನೋಡಿ ಯಾರೂ ಅದರ ವಯಸ್ಸು ಹೇಳಲಾರರು. ಬೇಕಾದದ್ದು ಪ್ರಸಂಗದ ತಿಳಿವಳಿಕೆ. ಸಂಧಾನಕ್ಕೆ ಬಂದ ಕೃಷ್ಣನ ಯಾವ ಮಾತು ಕೌರವನಿಗೆ ನಾಟುತ್ತದೆ ಎಂದು ಗೊತ್ತಿದ್ದರೆ ಆ ಮಾತು ಬರುವ ಮೊದಲು ಕ್ಯಾಮೆರಾ ಕೌರವನ ಕಡೆ ತಿರುಗಿರುತ್ತದೆ. ಗೊತ್ತಿಲ್ಲದವರ ಕ್ಯಾಮೆರಾ ಮಾತನಾಡುವವನ ಕಡೆಗೇ ಇರುತ್ತದೆ. ಇದಕ್ಕಾಗಿ ನಾನು ಆಟಕ್ಕೆ ಹೊರಡುವ ಮೊದಲು ಆ ದಿನದ ಪ್ರಸಂಗದ ಪುಸ್ತಕವನ್ನು ಓದಿಕೊಳ್ಳುವ ಅಭ್ಯಾಸ ಮಾಡಿಕೊಂಡೆ.

ವೇಷ ಕಟ್ಟುವ ಜಾಗವಾದ ಚೌಕಿಯ ಚಿತ್ರಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿ ಕಲಾವಿದರು ತಮ್ಮ ಮುಖವರ್ಣಿಕೆಯನ್ನು ತಾವೇ ಮಾಡಿಕೊಳ್ಳುತ್ತಾರೆ. ಬಣ್ಣದ ವೇಷದವರು ಅಕ್ಕಿಹಿಟ್ಟು, ಸುಣ್ಣ ಕಲಸಿದ ಚುಟ್ಟಿಯನ್ನು ಮುಳ್ಳು ಮುಳ್ಳಾಗಿ ಇಡುವುದಕ್ಕೆ ಗಂಟೆಗಳೇ ಹಿಡಿಯುತ್ತವೆ. ಚಪ್ಪಲಿ ಹೊರಗೆ ಬಿಟ್ಟು, ಗಣಪತಿಯ ಮುಂದೆ ಕೈಮುಗಿದು, ಕೇಳಿ, ಮೂಲೆಯಲ್ಲಿ ಸುಮ್ಮನೆ ಕೂರುವವರಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ಅಂಗೈಯಗಲದ ಕ್ಯಾಮೆರಾ ಅಲ್ಲಿ ದೊಡ್ಡ ಲೆನ್ಸಿಗಿಂತ ಮೇಲು, ಯಾರೂ ಅದನ್ನು ಗಮನಿಸುವುದಿಲ್ಲ.

ತಿರುಗಾಟ ಮುಗಿಯುವ ಹೊತ್ತಿಗೆ ಒಂದು ಹರಕೆ ಆಟದಲ್ಲಿ ನಾನೂ ಗೆಳೆಯರೂ ಕ್ಯಾಮೆರಾ ಅದಲುಬದಲು ಮಾಡಿಕೊಂಡೆವು. ಅವರ ಕ್ಯಾಮೆರಾದಲ್ಲಿ ನನ್ನ ಚಿತ್ರಗಳು ಚೊಕ್ಕವಾದವು: ಕತ್ತಲೆಯಲ್ಲಿ ಕಾಳು ಕಾಳಾಗಿ ಕಾಣುತ್ತಿದ್ದ ನಾಯ್ಸ್ ಇಲ್ಲ, ಕಣ್ಣಿನ ರೆಪ್ಪೆಯ ಮೇಲಿನ ಕಾಡಿಗೆಯವರೆಗೆ ಫೋಕಸ್ ಇದೆ, ದೂರದಿಂದಲೇ ವೇಷವನ್ನು ಹತ್ತಿರಕ್ಕೆ ಎಳೆದುಕೊಳ್ಳಲು ಆಗುತ್ತಿತ್ತು. ಆಯ್ದು ಇಟ್ಟುಕೊಳ್ಳುವಂಥ ಚಿತ್ರಗಳ ಸಂಖ್ಯೆ ಕೊಂಚ ಹೆಚ್ಚಿತು. ಆದರೆ ನನ್ನ ಹಳೆಯ ಕ್ಯಾಮೆರಾ, 50 ಮಿ.ಮೀ. ಲೆನ್ಸ್ ಹಿಡಿದು ಹೋದ ಗೆಳೆಯರು ತಂದದ್ದನ್ನು ನೋಡಿ ನಾನು ಸುಮ್ಮನಾದೆ. ಝೂಮ್ ಇಲ್ಲದ್ದರಿಂದ ಅವರು ಮುಂದಿನ ಚಾಪೆಯಲ್ಲಿ ಮಕ್ಕಳ ನಡುವೆ ಕೂತಿದ್ದರು, ಒಂದೊಂದೇ ಚಿತ್ರ ತೆಗೆದಿದ್ದರು. ತೆರೆಯ ಮೇಲಿನಿಂದ ಬಣ್ಣದ ವೇಷದ ಕಿರೀಟ ಮತ್ತು ಒಂದು ಕಣ್ಣು ಮಾತ್ರ ಕಾಣುವ ಗಳಿಗೆ. ಭಾಗವತರು ಜಾಗಟೆಯನ್ನು ಎತ್ತಿ ಹಿಡಿದಾಗ ಅದರ ಕೆಳಗೆ ಸ್ತ್ರೀವೇಷ ಹೆಜ್ಜೆ ತಿರುಗಿಸಿದ ಗಳಿಗೆ. ಇವೆಲ್ಲ ಬರುತ್ತವೆಂದು ಮೊದಲೇ ತಿಳಿಯುವುದು ಚಿಕ್ಕಂದಿನಿಂದ ಆಟ ನೋಡಿದವರಿಗೆ ಮಾತ್ರ. ಅವರ ಸ್ವಂತ ದುಬಾರಿ ಕ್ಯಾಮೆರಾದಲ್ಲಿ ಆ ತನಕ ತೆಗೆದದ್ದಕ್ಕಿಂತ ಇವು ಚೆನ್ನಾಗಿದ್ದವು. "ಇದರಲ್ಲಿ ಗುಂಡಿ ಒತ್ತಿ ಹಿಡಿದರೆ ಏನೂ ಆಗುವುದಿಲ್ಲವಲ್ಲ, ಹಾಗಾಗಿ ಆಟ ನೋಡಿದೆ" ಎಂದು ಅವರು ನಕ್ಕರು. ಕುಶಲತೆ ಅವರಲ್ಲಿ ಮೊದಲೇ ಇತ್ತು, ಅದನ್ನು ಬಳಸುವ ಅಗತ್ಯವನ್ನು ಅವರ ಕ್ಯಾಮೆರಾ ಇಲ್ಲವಾಗಿಸಿತ್ತು ಎಂಬುದು ನನ್ನ ಅಂದಾಜು. ಅವರು ಇದನ್ನು ಒಪ್ಪುವುದಿಲ್ಲ, ಮುಂದಿನ ಚಾಪೆಯ ಮಹಿಮೆ ಎನ್ನುತ್ತಾರೆ.

ಹಳೆಯ ಕ್ಯಾಮೆರಾಕ್ಕೆ ಆಗದ ಕೆಲಸಗಳೂ ಇವೆ. ಶ್ರೀದೇವಿ ಮಹಾತ್ಮೆಯಲ್ಲಿ ಮಹಿಷಾಸುರ ದೊಂದಿಗಳ ನಡುವೆ, ರಾಳದ ಪುಡಿ ಭಗ್ಗೆಂದು ಉರಿಯುವಾಗ, ಜನರ ನಡುವಿನಿಂದ ಬರುತ್ತಾನೆ. ಅಲ್ಲಿ ಬೆಳಕು ಕ್ಷಣಕ್ಷಣಕ್ಕೂ ಬದಲಾಗುತ್ತದೆ, ಗುರುತು ಮಾಡಿಕೊಂಡ ಪಟ್ಟಿ ಎಂಬುದಿಲ್ಲ, ತಾಳದ ಎಣಿಕೆಯೂ ನೆರವಿಗೆ ಬರುವುದಿಲ್ಲ. ಐಎಸ್‌ಒ 6400ಕ್ಕೆ ಏರಿಸಿದರೆ ನನ್ನ ಕ್ಯಾಮೆರಾ ಕೊಡುವ ಚಿತ್ರದಲ್ಲಿ ಮಹಿಷನಿಗಿಂತ ಕಾಳುಗಳೇ ಹೆಚ್ಚು. ಆ ಪ್ರವೇಶಕ್ಕೆ ನಾನು ಗೆಳೆಯರ ಕ್ಯಾಮೆರಾವನ್ನು ಎರವಲು ಕೇಳುತ್ತೇನೆ, ಕೇಳಲು ಸಂಕೋಚವನ್ನೂ ಪಡುವುದಿಲ್ಲ.

ಈ ಸಲ ಮೇಳಗಳು ಹೊರಟ ಮೇಲೆ ಒಂದು ರಜೆಯಲ್ಲಿ ಕುಂದಾಪುರದ ಕಡೆ ಬಡಗುತಿಟ್ಟಿನ, ಅಂದರೆ ಉತ್ತರದ ಶೈಲಿಯ ಆಟಕ್ಕೆ ಹೋಗಿದ್ದೆ. ಅದೇ ಕ್ಯಾಮೆರಾ, ಅದೇ ಲೆನ್ಸ್, ಬೆಳಕಿನ ಲೆಕ್ಕವೂ ಮೊದಲಿನದೇ. ಆದರೆ ಅಲ್ಲಿಯ ಚೆಂಡೆಯ ನಾದ ಬೇರೆ, ನುಡಿತ ಬೇರೆ, ಹೆಜ್ಜೆ ಬೇರೆ. ಮಂಡಿ ಹಾಕಿ ಸುತ್ತುವ ಕುಣಿತ ಎಲ್ಲಿ ಶುರುವಾಗುತ್ತದೆ, ಎಷ್ಟು ಸುತ್ತಿಗೆ ನಿಲ್ಲುತ್ತದೆ ಎಂದು ನನ್ನ ಕಿವಿಗೆ ತಿಳಿಯಲಿಲ್ಲ. ಬೆರಳು ಪ್ರತಿ ಸಲವೂ ಅರ್ಧ ಹೆಜ್ಜೆ ಹಿಂದೆಯೇ ಉಳಿಯಿತು. ನೆರೆಮನೆಯ ಹಿರಿಯರಿಗೆ ಆ ಚಿತ್ರಗಳನ್ನು ತೋರಿಸಿದಾಗ, ತಮಗೆ ಬಡಗಿನ ಮದ್ದಳೆ ಅಷ್ಟಾಗಿ ಬಾರದೆಂದು ಹೇಳಿ, ಬ್ರಹ್ಮಾವರದ ಬಳಿ ಇರುವ ತಮ್ಮ ಪರಿಚಯದವರೊಬ್ಬರಿಗೆ ಫೋನ್ ಮಾಡಿ ಕೊಟ್ಟರು. ಭಾನುವಾರಗಳಂದು ಮಧ್ಯಾಹ್ನದ ಊಟದ ಮೇಲೆ ಬರುವಂತೆ ಅವರು ಹೇಳಿದ್ದಾರೆ, ಕ್ಯಾಮೆರಾ ತರುವುದು ಸದ್ಯಕ್ಕೆ ಬೇಡ ಎಂದಿದ್ದಾರೆ.